ನನ್ನ ಲಗ್ನಪತ್ರಿಕೆಗೆ ಬಳಿದ ಬಿಳಿ

ತನ್ನ ಮದುವೆಯ ಕಾಗದವನ್ನು ತಾನೇ ಅಚ್ಚು ಹಾಕಿಕೊಂಡ ಹುಡುಗಿ ಹಲಸೂರಿನಲ್ಲಿ ನನಗಿಂತ ಮುಂಚೆ ಯಾರಾದರೂ ಇದ್ದಳೋ ಇಲ್ಲವೋ ತಿಳಿಯದು. ಇದ್ದಿದ್ದರೆ ಅವಳು ನನಗೆ ಎರಡು ಬುದ್ಧಿಮಾತು ಹೇಳಬೇಕಿತ್ತು. ಯಾವ ಬಟ್ಟೆ ಬಿಗಿಯಬೇಕು, ಯಾವ ಶಾಯಿ ಕಲಸಬೇಕು ಎಂದು ಹೇಳಿಕೊಡುವವರು ಆಗ ಇಡೀ ದಂಡು ಪ್ರದೇಶದಲ್ಲಿ ಅಪ್ಪನನ್ನು ಬಿಟ್ಟರೆ ನನಗೆ ಯಾರೂ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿದ್ದದ್ದು ಲಾರಿಗೆ ನಂಬರು ಹಾಕುವುದಷ್ಟೇ. ಎರಡನೇ ಮಹಾಯುದ್ಧ ಮುಗಿದ ಮರುವರ್ಷ ನಮ್ಮ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ನಾನು ಮಾಡಿದ ಒಂದು ಕೆಲಸದ ಕಥೆ ಇದು. ಕೆಲಸ ಕೆಟ್ಟಿದ್ದರೆ ಇಷ್ಟು ಸಂಕಟವಿರುತ್ತಿರಲಿಲ್ಲ. ಕೆಲಸ ಬಲು ಚೆನ್ನಾಗಿ ಬಂದಿತ್ತು.

ಪರದೆ ಅಚ್ಚು ಅಂದರೆ ಅಂಥ ಬ್ರಹ್ಮವಿದ್ಯೆ ಏನಲ್ಲ. ಮರದ ಚೌಕಟ್ಟಿಗೆ ತೆಳ್ಳನೆಯ ಬಟ್ಟೆ ಬಿಗಿಯಬೇಕು. ಬಣ್ಣ ದಾಟಬಾರದ ಕಡೆ ಬಟ್ಟೆಯ ಕಣ್ಣುಗಳನ್ನು ಮುಚ್ಚಿ, ದಾಟಬೇಕಾದ ಕಡೆ ತೆರೆದಿಡಬೇಕು. ಕಾಗದದ ಮೇಲೆ ಚೌಕಟ್ಟು ಇಟ್ಟು, ಶಾಯಿ ಸುರಿದು, ರಬ್ಬರ್ ಪಟ್ಟಿಯಿಂದ ಒಂದೇ ಸಮ ಎಳೆದರೆ ಕೆಳಗಿನ ಕಾಗದಕ್ಕೆ ಚಿತ್ರ ಇಳಿಯುತ್ತದೆ. ಅಪ್ಪ ಇದನ್ನು ಯುದ್ಧದ ಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿ ಬೋರ್ಡು ಬರೆಯುವಾಗ ಕಲಿತಿದ್ದರು. ಯುದ್ಧ ಮುಗಿಯಿತು, ಕೆಲಸವೂ ಮುಗಿಯಿತು. ಮನೆಗೆ ಬರುವಾಗ ಅವರು ತಂದದ್ದು ಬಟ್ಟೆಯಿಲ್ಲದ ಎರಡು ಚೌಕಟ್ಟು ಮತ್ತು ಮೇಲಕ್ಕೆತ್ತಲಾಗದ ಒಂದು ಬಲಭುಜ. ಹಾಗಾಗಿ ಎಳೆಯುವ ಕೆಲಸ ನನಗೆ ಬಂತು. ಊದುಬತ್ತಿಯ ಲೇಬಲ್ಲು, ನಾಟಕದ ಹ್ಯಾಂಡ್‌ಬಿಲ್ಲು, ಹೀಗೆ ಚಿಲ್ಲರೆ ಕೆಲಸದಲ್ಲಿ ಕಾಗದದ ಅಚ್ಚನ್ನು ನಾವಿಬ್ಬರೂ ತಪ್ಪುತ್ತ ಕಲಿಯುತ್ತಿದ್ದೆವು.

ಆ ಶೆಡ್ಡಿಗೇ ಅವರು ಬಂದದ್ದು. ಕೃಷ್ಣರಾಜಪುರದ ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು. ಹೂವಿನ ಭಾಗಗಳ ಪಟ ಬೇಕಿತ್ತಂತೆ, ತರಗತಿಯ ಗೋಡೆಗೆ. ಕೆಲಸ ಕೊಟ್ಟು ಹೋಗುವವರು ಹೋಗದೆ, ಕುಕ್ಕರಗಾಲಿನಲ್ಲಿ ಕೂತು, "ಶಾಯಿ ಪಕ್ಕಕ್ಕೆ ಯಾಕ್ರೀ ಹರಡಲ್ಲ?" ಎಂದು ಕೇಳಿದರು. ರಬ್ಬರ್ ಪಟ್ಟಿಯನ್ನು ಅವರ ಕೈಗೇ ಕೊಟ್ಟೆ. ತೆಂಗಿನಕಾಯಿ ತುರಿಯುವವರ ಹಾಗೆ ಒತ್ತಿ ಎಳೆದರು. ಹೂವಿನ ದಳ ಕೇಸರ ಎಲ್ಲ ಒಂದಾಗಿ ಹಾಳೆಯ ಮೇಲೆ ಕೆಸರಾಯಿತು. ನಾನು ನಕ್ಕೆ, ಅವರೂ ನಕ್ಕರು. ಪಟ ತಗೊಂಡು ಹೋಗಲು ಬಂದರು, ಪಟ ಚೆನ್ನಾಗಿದೆ ಎಂದು ಹೇಳಲು ಬಂದರು, ಆಮೇಲೆ ಹೆಣ್ಣು ಕೇಳಲು ಅವರ ತಾಯಿ ಬಂದರು. ನನಗೆ ಅವರು ಇಷ್ಟವಾಗಿದ್ದರು. ಸುತ್ತಿ ಬಳಸಿ ಹೇಳುವುದೇನಿದೆ, ತುಂಬಾ ಇಷ್ಟವಾಗಿದ್ದರು.

ಅವರ ಮನೆಯಲ್ಲಿ ಮಾತು ನಡೆಯುತ್ತಿದ್ದದ್ದು ದೊಡ್ಡಪ್ಪನದು. ತಂದೆಯಿಲ್ಲದ ಹುಡುಗನನ್ನು ಸಾಕಿ ಓದಿಸಿದವರು ಅವರೇ. ಒಪ್ಪಿಗೆಯ ದಿನ ನಾನು ತಟ್ಟೆ ತಂದಿಟ್ಟಾಗ ಆ ಯಜಮಾನರು ನನ್ನ ಮುಖ ನೋಡಲಿಲ್ಲ, ಉಗುರು ನೋಡಿದರು. "ಹುಡುಗಿ ಕೈ ಏನ್ರೀ ಇದು, ಗ್ಯಾರೇಜಿನವನ ಕೈ ಇದ್ದಂಗಿದೆ" ಎಂದರು. ಎಲ್ಲರೂ ನಕ್ಕರು. ಅಪ್ಪ ಮಾತ್ರ ನಗಲಿಲ್ಲ. ಎರಡೂ ಕಡೆಯ ಲಗ್ನಪತ್ರಿಕೆ ನಮ್ಮ ಶೆಡ್ಡಿನಲ್ಲೇ ಅಚ್ಚಾಗಲಿ, ನಮ್ಮ ಉಡುಗೊರೆ ಅಂತ ಇಟ್ಕೊಳ್ಳಿ ಎಂದು ಅಲ್ಲೇ ಹೇಳಿಬಿಟ್ಟರು. ನನಗೂ ಅದೇ ಬೇಕಿತ್ತು. ಆ ಪತ್ರಿಕೆ ಕೈಗೆ ಬಂದ ದಿನ ದೊಡ್ಡಪ್ಪ ನನ್ನ ಉಗುರನ್ನು ಬೇರೆ ಕಣ್ಣಿನಿಂದ ನೋಡಬೇಕು ಎಂದು ಮನಸ್ಸಿನಲ್ಲೇ ಪಣ ತೊಟ್ಟೆ.

ಮೊದಲ ತೊಂದರೆ ಕಾಗದದ್ದು. ಆಗ ಒಳ್ಳೆಯ ಕಾಗದ ಎಲ್ಲಿತ್ತು? ಸಿಕ್ಕಿದ್ದು ಒಣಹುಲ್ಲಿನ ನಾರು ಕಾಣುವ, ಬೂದುಬಣ್ಣದ ದಪ್ಪ ಕಾಗದ. ಅದರ ಮೇಲೆ ಹಾಗೇ ಅಕ್ಷರ ಅಚ್ಚು ಹಾಕಿದರೆ ತಿಥಿಯ ಕಾಗದದಂತೆ ಕಾಣುತ್ತಿತ್ತು. ಗೋಡೆಗೆ ಸುಣ್ಣ ಬಳಿದಂತೆ ಮೊದಲು ಕಾಗದಕ್ಕೆ ಪೂರ್ತಿ ಬಿಳಿ ಬಳಿದು, ಅದು ಒಣಗಿದ ಮೇಲೆ ಅಕ್ಷರ ಇಳಿಸುವುದು ಎಂದು ಅಪ್ಪ ತೀರ್ಮಾನಿಸಿದರು. ಅಂದರೆ ಎರಡು ಪರದೆ, ಎರಡು ಶಾಯಿ.

ಬಟ್ಟೆ ಹುಡುಕಿಕೊಂಡು ಈಗಿನ ಶಿವಾಜಿನಗರದ ಗುಜರಿ ಸಾಲಿಗೆ ಹೋದೆ. ಮಿಲಿಟರಿಯವರು ಬಿಟ್ಟುಹೋದ ಬೂಟು, ಕಂಬಳಿ, ನೀರಿನ ಡಬ್ಬಿ ಎಲ್ಲ ಅಲ್ಲಿ ರಾಶಿ ಬಿದ್ದಿತ್ತು. ಒಬ್ಬ ಸಾಹೇಬರ ಅಂಗಡಿಯಲ್ಲಿ ಪ್ಯಾರಾಚೂಟಿನ ರೇಷ್ಮೆ ಕಂಡಿತು. ಹಾಲಿನ ಕೆನೆಯ ಬಣ್ಣ, ಕೈಯಲ್ಲಿ ಹಿಡಿದರೆ ಜಾರುತ್ತಿತ್ತು.

"ದೇಖೋ ಬೇಟಿ, ಅಸಲಿ ಮಾಲು" ಎಂದು ಸಾಹೇಬರು ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ಊದಿ ತೋರಿಸಿದರು. "ಹವಾ ಭೀ ದಾಟಲ್ಲ! ಆಕಾಶದಿಂದ ಆದ್ಮೀನ ಇಳಿಸ್ತದೆ, ನಿನ್ ಕೆಲ್ಸ ಆಗಲ್ವಾ?"

ಗಾಳಿಯೇ ದಾಟದ ಬಟ್ಟೆಯಲ್ಲಿ ಶಾಯಿ ದಾಟೀತೇ ಎಂದು ಕೇಳುವ ಬುದ್ಧಿ ನನಗಿರಲಿಲ್ಲ. ಹಿಗ್ಗಿ ತಂದು, ಚೌಕಟ್ಟಿಗೆ ಮೊಳೆ ಹೊಡೆದು ಬಿಗಿದು, ಶಾಯಿ ಸುರಿದು ಎಳೆದೆ. ಎಳೆದದ್ದೇ ಬಂತು. ಕೆಳಗಿನ ಕಾಗದ ತವರಿಗೆ ಬಂದ ಮಗಳಷ್ಟು ನೆಮ್ಮದಿಯಾಗಿ ಮಲಗಿತ್ತು, ಒಂದು ಚುಕ್ಕೆಯೂ ಇಳಿದಿರಲಿಲ್ಲ. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಪರದೆಗೆ ಬಟ್ಟೆ ಆರಿಸುವಾಗ ಮೊದಲು ಅದನ್ನು ಬೆಳಕಿಗೆ ಹಿಡಿಯಬೇಕು, ಎಳೆಗಳ ನಡುವೆ ಕಿಂಡಿ ಕಿಂಡಿಯಾಗಿ ಬೆಳಕು ಕಾಣಬೇಕು ಎಂಬುದನ್ನು ಹೀಗೆ ಕಲಿತೆ. ಆ ರೇಷ್ಮೆಯಲ್ಲಿ ಅಮ್ಮ ದಿಂಬಿನ ಚೀಲ ಹೊಲಿದಳು.

ಆಮೇಲೆ ಮಲ್‌ಮಲ್ ಬಿಗಿದು ನೋಡಿದೆವು. ಕಿಂಡಿಯೇನೋ ಇತ್ತು, ಆದರೆ ಎಳೆಗೆಲ್ಲ ಜುಂಗು. ಶಾಯಿ ಬಿದ್ದ ಕೂಡಲೇ ಜುಂಗು ಎದ್ದು ಕಿಂಡಿ ಮುಚ್ಚಿತು. ಕೊನೆಗೆ ಆರ್ಗಂಡಿ. ಹುಡುಗಿಯರ ಫ್ರಾಕಿಗೆ ಹೊಲಿಸುವ ಆ ಗರಿಗರಿ ಹತ್ತಿಬಟ್ಟೆಯ ಎಳೆ ನುಣ್ಣಗಿರುತ್ತದೆ, ಕಿಂಡಿ ಒಂದೇ ಸಮ ಇರುತ್ತದೆ. ಹೊಸದನ್ನು ಹಾಗೇ ಬಿಗಿದರೆ ಒದ್ದೆಯಾದಾಗ ಜೋತು ಬೀಳುತ್ತದೆ. ಗಂಜಿ ಹೋಗುವ ಹಾಗೆ ಬಿಸಿನೀರಿನಲ್ಲಿ ತೊಳೆದು, ಒದ್ದೆ ಇರುವಾಗಲೇ ಎಳೆದು ಮೊಳೆ ಹೊಡೆಯಬೇಕು. ಒಣಗಿದ ಮೇಲೆ ಬೆರಳಿನಿಂದ ತಟ್ಟಿದರೆ ತಮಟೆಯ ಸದ್ದು ಬಂತು. ಬಿಳಿ ಬಳಿಯುವುದಕ್ಕೆ ಅದು ಸರಿ. ಕನ್ನಡದ ಅಕ್ಷರಕ್ಕೆ ಸಾಲದು. ನಮ್ಮ ಲಿಪಿಗೆ ಸೊನ್ನೆ, ಸುಳಿ, ಒತ್ತು ಎಷ್ಟು! ದೊಡ್ಡ ಕಿಂಡಿಯ ಬಟ್ಟೆಯಲ್ಲಿ 'ಲಗ್ನ'ದ ನ-ಒತ್ತು ಒಂದು ಕರಿ ಉಂಡೆಯಾಗಿ ಕೂತಿತು. ಅಕ್ಷರಕ್ಕೆಂದು ಅಪ್ಪ ತಮ್ಮ ಪರಿಚಯದ ಹಿಟ್ಟಿನ ಗಿರಣಿಯ ಫಿಟ್ಟರನ್ನು ಕಾಡಿ ಬೇಡಿ ಮೈದಾ ಜರಡಿ ಹಿಡಿಯುವ ರೇಷ್ಮೆಯ ಹಳೆಯ ತುಂಡೊಂದನ್ನು ತಂದರು. ಅದು ನಿಜವಾಗಿಯೂ ಚಿನ್ನ. ಒತ್ತಿನ ಹೊಟ್ಟೆಯೊಳಗಿನ ಬಿಳುಪು ಕೂಡ ಉಳಿಯಿತು.

ಇನ್ನು ಶಾಯಿ. ಅಪ್ಪನಿಗೆ ಗೊತ್ತಿದ್ದದ್ದು ಎಣ್ಣೆಯ ಬಣ್ಣ. ಅಗಸೆ ಎಣ್ಣೆಯಲ್ಲಿ ಬಿಳಿ ಕಲಸಿ, ಟರ್ಪೆಂಟೈನ್ ಸಿಗದೆ ಸೀಮೆಎಣ್ಣೆಯಿಂದ ತೆಳುಮಾಡಿ ಬಳಿದೆವು. ಲಾರಿಯ ತಗಡಿಗೆ ಅದು ಸೊಗಸು. ಕಾಗದ ಎಣ್ಣೆ ಕುಡಿದು ಬೋಂಡ ಕಟ್ಟಿದ ಹಾಳೆಯ ಹಾಗಾಯಿತು. ದಿನಗಟ್ಟಲೆ ನೇತುಹಾಕಿದರೂ ವಾಸನೆ ಹೋಗಲಿಲ್ಲ. ಅಮ್ಮ ಒಂದನ್ನು ಮೂಗಿನ ಹತ್ತಿರ ಹಿಡಿದು ಹೌಹಾರಿದಳು.

"ಸೋಮೇಶ್ವರನ ಮುಂದೆ ಇಡೋ ಪತ್ರಿಕೆನೇ ಇದು? ಸೀಮೆಎಣ್ಣೆ ನಾರ್ತಿದೆ! ಬೀಗರು ಮೂಗು ಮುಚ್ಕೊಂಡು ಮದುವೆಗೆ ಬರ್ಬೇಕಾ?"

ಸರಿ, ನೀರಿನ ಶಾಯಿ ಮಾಡೋಣ ಎಂದುಕೊಂಡೆ. ಸೀಮೆಸುಣ್ಣದ ಪುಡಿಯನ್ನು ಗೋಂದಿನಲ್ಲಿ ಕಲಸಿದೆ. ಒಣಗಿದ ಮೇಲೆ ನೋಡಲು ಚಂದ, ಆದರೆ ಮೋಡ ಕವಿದ ದಿನ ಹಾಳೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡವು. ಬಿಡಿಸಹೋದರೆ ಒಂದರ ಬಿಳಿ ಇನ್ನೊಂದರ ಬೆನ್ನಿಗೆ ಹೋಯಿತು. ಮೈದಾ ಗಂಜಿಯಲ್ಲಿ ಕಲಸಿದೆ, ಹಪ್ಪಳ ಸುರುಟಿದಂತೆ ಕಾಗದ ಸುರುಟಿತು. ಮದುವೆಯ ದಿನ ಹತ್ತಿರ ಬರುತ್ತಿತ್ತು, ಕಾಗದ ಖರ್ಚಾಗುತ್ತಿತ್ತು, ನನ್ನ ಸಿಟ್ಟು ನೆತ್ತಿಗೇರಿತ್ತು.

ಅಂಥ ಒಂದು ಸಂಜೆ ಮೇಷ್ಟರು ಬಂದರು. ತಮ್ಮ ಕಡೆಯ ಹಿರಿಯರ ಹೆಸರುಗಳು ಯಾವ ಕ್ರಮದಲ್ಲಿರಬೇಕೆಂದು ಹೇಳಿಹೋಗಲು ಬಂದಿದ್ದರು. ಅಪ್ಪ ಪೇಟೆಗೆ ಹೋಗಿದ್ದರು, ಅಮ್ಮ ಒಳಗೆ ಕಾಫಿಗೆ ನೀರಿಟ್ಟಿದ್ದಳು. ಅವರು ಶೆಡ್ಡಿನ ಬಾಗಿಲಲ್ಲೇ ನಿಂತು ನನ್ನ ಸೊಟ್ಟ ಹಾಳೆಗಳನ್ನು ನೋಡಿದರು.

"ಹಾಲಿಂದ ಮಾಡಿ ನೋಡಿ" ಎಂದರು. "ಹಾಲು ಒಡೆಸಿ, ಆ ಗಟ್ಟಿ ಇರುತ್ತಲ್ಲ, ಅದನ್ನ ತೊಳೆದು ಒಣಗಿಸಿ ಪುಡಿ ಮಾಡಿ. ಬರೀ ನೀರಲ್ಲಿ ಅದು ಕರಗಲ್ಲ. ಬಟ್ಟೆಗೆ ಹಾಕೋ ವಾಷಿಂಗ್ ಸೋಡಾ ಸ್ವಲ್ಪ ಸೇರಿಸಿದ್ರೆ ಕರಗಿ ಒಳ್ಳೆ ಅಂಟಾಗುತ್ತೆ. ಮರಕ್ಕೆ ಮರ ಅಂಟಿಸ್ತಾರೆ ಅದ್ರಲ್ಲಿ."

"ನಿಮ್ಗೆ ಹೇಗೆ ಗೊತ್ತು?"

"ಮೇಷ್ಟ್ರು ಅಂದ್ರೆ ಸುಮ್ನೇನಾ?" ಎಂದು ನಕ್ಕರು. ಇನ್ನು ಮದುವೆಯ ತನಕ ಬರುವ ಹಾಗಿಲ್ಲ, ದೊಡ್ಡಪ್ಪ ಬೇಡವೆಂದಿದ್ದಾರೆ ಎಂದೂ ಹೇಳಿದರು. ಕಾಫಿ ಕುಡಿದು ಹೊರಟರು. ಗೇಟಿನ ಹತ್ತಿರ ಒಮ್ಮೆ ತಿರುಗಿ ನೋಡಿದರು. ಹಾಲಿನ ವಿಷಯ ಯಾರು ಹೇಳಿದರೆಂದು ನಾನು ಮನೆಯಲ್ಲಿ ಹೇಳಲಿಲ್ಲ. ನಾಚಿಕೆಯೋ ಏನೋ, ಅದು ನನ್ನೊಬ್ಬಳಿಗೇ ಇರಲಿ ಎನ್ನಿಸಿತು.

ಹಾಲು ಒಡೆಸಿದ್ದಕ್ಕೆ ಅಮ್ಮ ಸಹಸ್ರನಾಮ ಮಾಡಿದಳು. ಮಾಡಲಿ ಎಂದು ಪುಡಿ ಮಾಡಿದೆ, ಸೋಡಾ ನೀರಿನಲ್ಲಿ ಕರಗಿಸಿದೆ, ಸೀಮೆಸುಣ್ಣ ಕಲಸಿದೆ. ಎಮ್ಮೆಯ ಗಟ್ಟಿಮೊಸರಿನ ಹಾಗೆ ನುಣ್ಣನೆ ಶಾಯಿ ಬಂತು. ಪರದೆಯ ಅಂಚನ್ನು ಅರಗಿನ ಮೆರುಗೆಣ್ಣೆಯಿಂದ ಮುಚ್ಚಿದ್ದೆ. ಕೆಲವು ಹಾಳೆ ಎಳೆಯುವಷ್ಟರಲ್ಲಿ ಅರಗು ಮೆತ್ತಗಾಗಿ, ಅಂಚು ದಾಟಿ ಬಿಳಿ ಹರಿಯತೊಡಗಿತು. ಅಪ್ಪ ಮೂಸಿ, ಮುಟ್ಟಿ, "ಸೋಡಾ ಅರಗನ್ನ ತಿಂದುಹಾಕ್ತಿದೆ ಕಣಮ್ಮ" ಎಂದರು. ಅರಗನ್ನು ಕೆರೆದು ತೆಗೆದು, ಮಿಲಿಟರಿಯ ಹಸಿರು ಎನಾಮೆಲ್ ಬಣ್ಣ ಬಳಿದೆ. ಅದನ್ನು ಸೋಡಾ ಮುಟ್ಟಲಿಲ್ಲ. ಅಪ್ಪ ಇನ್ನೂ ಒಂದು ಎಚ್ಚರ ಹೇಳಿದರು. ಸೋಡಾ ರೇಷ್ಮೆಯನ್ನೂ ಕೊರೆಯುತ್ತದೆ, ಆದ್ದರಿಂದ ಈ ಶಾಯಿ ಆರ್ಗಂಡಿಗೆ ಮಾತ್ರ, ಗಿರಣಿಯ ರೇಷ್ಮೆಗೆ ಎಣ್ಣೆಯ ಶಾಯಿಯೇ ಇರಲಿ ಎಂದರು. ಹಾಗೇ ಮಾಡಿದೆವು. ಶಾಯಿ ಕಿಂಡಿಯಲ್ಲಿ ಕಟ್ಟಿದಾಗಲೆಲ್ಲ ನಾನು ಇನ್ನೊಂದು ಚಿಟಿಕೆ ಸೋಡಾ ಹಾಕಿ ಸಡಿಲ ಮಾಡಿಕೊಂಡೆ. ಅರಗನ್ನು ತಿನ್ನುತ್ತದೆ, ರೇಷ್ಮೆಯನ್ನು ಕೊರೆಯುತ್ತದೆ ಎಂದು ಅಷ್ಟೆಲ್ಲ ಲೆಕ್ಕ ಹಾಕಿದ ನಾವು ಅಪ್ಪ ಮಗಳಿಬ್ಬರೂ ಅಲ್ಲಿಂದಾಚೆಗೆ ಯೋಚಿಸಲಿಲ್ಲ.

ಒಣಗಿದ ಬಿಳಿಯ ಮೇಲೆ ಅಕ್ಷರ ಇಳಿದದ್ದು ಕುಂಕುಮದ ಕೆಂಪಿನಲ್ಲಿ. ಅಕ್ಷರಕ್ಕೆ ಬೇಕಾದದ್ದು ತೆಳ್ಳನೆಯ ಪದರ, ಅದರ ಎಣ್ಣೆಯ ವಾಸನೆ ಬಿಸಿಲಿಗೆ ಹಾರಿಹೋಯಿತು. ಚೌಕಟ್ಟು ಎತ್ತಿ ಮೊದಲ ಹಾಳೆ ತೆಗೆದಾಗ ಅಪ್ಪ ಕನ್ನಡಕ ಒರೆಸಿಕೊಂಡು ನೋಡಿದರು. "ದಂಡಿನ ಯಾವ ಪ್ರೆಸ್ಸಲ್ಲಿ ಇದು ಬರುತ್ತೆ, ಹೇಳು!" ಎಂದರು. ಅಮ್ಮ ಬಿಳಿಯ ಮೇಲೆ ಕೈಯಾಡಿಸಿ, ಮೂಸಿ, ನನ್ನ ಕೆನ್ನೆ ಸವರಿ ಒಳಗೆ ಹೋದಳು. ನಾನು ಆ ಹಾಳೆಯನ್ನು ಎಷ್ಟು ಹೊತ್ತು ನೋಡಿದೆನೋ. ಜೀವನದಲ್ಲಿ ಅಷ್ಟು ಸಂತೋಷ ನನಗೆ ಆಮೇಲೆ ಯಾವ ಕೆಲಸದಿಂದಲೂ ಆಗಿಲ್ಲ.

ನಮ್ಮ ಕಡೆ ಪದ್ಧತಿಯಂತೆ ಮೊದಲ ಕಂತೆ ಬೀಗರ ಮನೆಗೆ ಹೋಗಬೇಕು. ಗಂಡಿನ ಮನೆಯವರು ತಮ್ಮ ಪಾಲಿನ ಪತ್ರಿಕೆಗಳನ್ನು ದೇವರ ಮುಂದಿಟ್ಟು, ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಆಮೇಲೆ ಹಂಚುತ್ತಾರೆ. ಅವರದಾದ ಮೇಲೆ ನಮ್ಮದು. ಅಪ್ಪ ಕಂತೆಯನ್ನು ಹೊಸ ಟವೆಲಿನಲ್ಲಿ ಸುತ್ತಿ, ತಾವೇ ರೈಲಿನಲ್ಲಿ ಹೋಗಿ ಕೊಟ್ಟು ಬಂದರು. ದೊಡ್ಡಪ್ಪ ಪತ್ರಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಪರವಾಗಿಲ್ವೇ" ಎಂದರಂತೆ. ಆ ಒಂದು ಮಾತನ್ನು ಅಪ್ಪ ನನಗೆ ಎಷ್ಟು ಸಲ ಹೇಳಿದರೋ!

ಅದರ ಮರುದಿನ ಅದೇ ದೊಡ್ಡಪ್ಪ ಅದೇ ಟವೆಲಿನ ಗಂಟು ಹಿಡಿದು ನಮ್ಮ ನಡುಮನೆಗೆ ಬಂದರು. ಕೂರಲಿಲ್ಲ, ನೀರು ಮುಟ್ಟಲಿಲ್ಲ. ಗಂಟು ಬಿಚ್ಚಿ ಒಂದು ಪತ್ರಿಕೆಯನ್ನು ಅಪ್ಪನ ಮುಂದೆ ಹಿಡಿದರು. ನಾಲ್ಕು ಮೂಲೆಯಲ್ಲೂ ಅರಿಶಿನ ಇರಬೇಕಾದ ಕಡೆ ಕಂದುಗಟ್ಟಿದ ಕೆಂಪು. ಗಾಯದ ಮೇಲೆ ಒಣಗಿದ ರಕ್ತ ಹೇಗಿರುತ್ತದೋ ಹಾಗೆ.

"ದೇವರ ಮನೇಲಿ, ಹತ್ತು ಜನ ಮುತ್ತೈದೆಯರ ಮುಂದೆ" ಎಂದರು. "ನಮ್ಮನೆಯೋಳು ಬೆರಳಲ್ಲಿ ಅರಿಶಿನ ಇಟ್ಟಿದ್ದೇ ರಕ್ತ ಆಯ್ತು ಕಣ್ರೀ. ಒಂದಲ್ಲ, ಇಟ್ಟಿದ್ದೆಲ್ಲ. ಅವಳು ಅಲ್ಲೇ ಕೂತು ಅತ್ಬಿಟ್ಟಳು."

ಅಮ್ಮ ಧೈರ್ಯ ಮಾಡಿ, "ಆರತಿ ನೀರೂ ಕೆಂಪಗೇ ಇರುತ್ತಲ್ಲ ಯಜಮಾನರೇ" ಎಂದಳು.

"ಆರತಿ ನೀರನ್ನ ಬೀದಿಗೆ ಚೆಲ್ತಾರೆ ತಾಯಿ. ದೇವರ ಮುಂದೆ ಇಟ್ಟು ಪೂಜೆ ಮಾಡಲ್ಲ. ನಮ್ಗೆ ಈ ಸಂಬಂಧದ ಬಗ್ಗೆ ಯೋಚ್ನೆ ಮಾಡ್ಬೇಕು" ಎಂದು ಗಂಟನ್ನು ಅಲ್ಲೇ ಬಿಟ್ಟು ಹೋದರು.

ಅವರು ಹೋದ ಮೇಲೆ ನಾನು ಅಡಿಗೆಮನೆಯಿಂದ ಅರಿಶಿನ ತಂದು ನಮ್ಮ ಪಾಲಿನ ಒಂದು ಪತ್ರಿಕೆಗೆ ಹಚ್ಚಿದೆ. ಬೆರಳ ಕೆಳಗೇ ಕೆಂಪಾಯಿತು. ಬರೀ ಬೂದು ಕಾಗದಕ್ಕೆ ಹಚ್ಚಿದೆ, ಹಳದಿಯಾಗಿಯೇ ಉಳಿಯಿತು. ಒಂದು ಬಟ್ಟಲಿಗೆ ಚಿಟಿಕೆ ಸೋಡಾ ಹಾಕಿ ಅದರ ಮೇಲೆ ಅರಿಶಿನದ ನೀರು ಬಿಟ್ಟೆ, ಮತ್ತೆ ಕೆಂಪು. ತಲೆ ಚಚ್ಚಿಕೊಳ್ಳುವ ಹಾಗಾಯಿತು. ಅರಿಶಿನದ ಕಲೆಗೆ ಸೋಪು ಹಾಕಿದರೆ ಕೆಂಪಾಗುವುದನ್ನು ನೋಡದ ಹೆಂಗಸು ನಮ್ಮ ಬೀದಿಯಲ್ಲೇ ಇರಲಿಲ್ಲ. ನಾನೂ ನೋಡಿದ್ದೆ, ಅಮ್ಮನೂ ನೋಡಿದ್ದಳು. ಆದರೆ ಶೆಡ್ಡಿಗೆ ಯಾರೂ ಅರಿಶಿನ ತರುವುದಿಲ್ಲ, ಅಚ್ಚು ಹಾಕುವವರ ಕೆಲಸ ಹಾಳೆ ಒಣಗಿದಲ್ಲಿಗೆ ಮುಗಿಯುತ್ತದೆ. ಅರಿಶಿನ ಹಚ್ಚುವ ಹೆಂಗಸರಿಗೆ ಆ ಬಿಳಿಯಲ್ಲಿ ಏನಿದೆ ಎಂದು ಹೇಗೆ ಗೊತ್ತಾಗಬೇಕು?

ಅಮ್ಮ ಅಳುತ್ತ ಕೂತಳು. ಅಪ್ಪ, ಹೊಸ ಪತ್ರಿಕೆ ಮಾಡಿಕೊಡೋಣ, ಪ್ರೆಸ್ಸಿನಲ್ಲೇ ಮಾಡಿಸೋಣ, ಕಾಲು ಹಿಡಿಯೋಣ ಎಂದರು. ನನಗೆ ಕಾಲು ಹಿಡಿಯುವುದು ಬೇಕಿರಲಿಲ್ಲ. ಇದು ಅಪಶಕುನವಲ್ಲ, ಸೋಡಾ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ, ತೋರಿಸಿಬಿಟ್ಟರೆ ಮುಗಿಯಿತು ಎಂದುಕೊಂಡೆ. ಮದುವೆಗೆ ಮುಂಚೆ ಹುಡುಗಿ ಗಂಡಿನ ಮನೆಗೆ ಹೋಗುವುದು ಉಂಟೇ ಎಂದು ಅಮ್ಮ ಸೆರಗು ಹಿಡಿದು ಎಳೆದಳು. ಮದುವೆಯೇ ಇಲ್ಲದಿದ್ದರೆ ಮುಂಚೆ ಏನು, ಆಮೇಲೆ ಏನು ಎಂದೆ. ಇನ್ನೊಂದು ಧೈರ್ಯವೂ ನನಗಿತ್ತು. ಅಲ್ಲಿ ಮೇಷ್ಟರಿದ್ದರು. ಆ ಮನೆಯಲ್ಲಿ ಯಾರಿಗೆ ಅರ್ಥವಾಗದಿದ್ದರೂ ಅವರಿಗೆ ಅರ್ಥವಾಗುತ್ತದೆ.

ಬೆಳಗಿನ ರೈಲಿನಲ್ಲಿ ನಾನೂ ಅಪ್ಪನೂ ದಂಡು ಸ್ಟೇಷನ್ನಿನಿಂದ ಹೊರಟೆವು. ಕೈಚೀಲದಲ್ಲಿ ಅರಿಶಿನ, ಸೋಡಾ, ಬರೀ ಕಾಗದ, ಅಚ್ಚಾದ ಕಾಗದ. ಅವರ ಮನೆಯ ಹಜಾರದಲ್ಲಿ ಹಿರಿಯರೆಲ್ಲ ಕೂತಿದ್ದರು. ಹೆಂಗಸರು ಬಾಗಿಲ ಹಿಂದೆ. ಮೇಷ್ಟರು ಕಂಬಕ್ಕೆ ಒರಗಿ ನಿಂತಿದ್ದರು, ನನ್ನನ್ನು ನೋಡಿ ಬೆಚ್ಚಿದರು. ನಾನು ನೆಲದ ಮೇಲೆ ಕೂತು, ತರಗತಿಯಲ್ಲಿ ತೋರಿಸುವ ಹಾಗೆ ಎಲ್ಲವನ್ನೂ ತೋರಿಸಿದೆ. ಬರೀ ಕಾಗದದಲ್ಲಿ ಹಳದಿ. ಅಚ್ಚಾದ ಕಾಗದದಲ್ಲಿ ಕೆಂಪು. ಬಟ್ಟಲಲ್ಲಿ ಸೋಡಾದ ಮೇಲೆ ಕೆಂಪು. ಬಾಗಿಲ ಹಿಂದಿನಿಂದ ಒಬ್ಬಾಕೆ, "ಹೌದಲ್ವೇ, ಸೋಪಿಗೂ ಹಿಂಗೇ ಆಗುತ್ತೆ" ಎಂದರು. ನನಗೆ ಜೀವ ಬಂದಂತಾಯಿತು.

ದೊಡ್ಡಪ್ಪ ಎಲ್ಲವನ್ನೂ ನೋಡಿದರು. ದಡ್ಡರಲ್ಲ ಅವರು. ನಿಧಾನವಾಗಿ ತಲೆಯಾಡಿಸಿದರು.

"ಸರಿ. ಅಂದ್ರೆ ಇದು ದೇವರು ಮಾಡಿದ್ದಲ್ಲ. ನೀನು ಮಾಡಿದ್ದು."

ನಾನು ತಬ್ಬಿಬ್ಬಾದೆ. ದೇವರ ಮೇಲಿನ ತಪ್ಪನ್ನು ಇಳಿಸಿದೆನಲ್ಲ, ಅದು ನೆಟ್ಟಗೆ ನನ್ನ ಮೇಲೆ ಬಂದು ಕೂತಿತ್ತು.

"ಮದುವೆ ಕಾಗದಕ್ಕೆ ಬಟ್ಟೆ ಒಗೆಯೋ ಸೋಡಾ ಹಾಕು ಅಂತ ನಿಂಗೆ ಹೇಳ್ಕೊಟ್ಟೋರು ಯಾರಮ್ಮ?" ಎಂದು ದೊಡ್ಡಪ್ಪ ಕೇಳಿದರು. "ನಿಮ್ಮಪ್ಪನಾ?"

ಅಪ್ಪ ನನ್ನ ಮುಖ ನೋಡಿದರು. ಅವರಿಗೂ ಗೊತ್ತಿರಲಿಲ್ಲ. ನಾನು ಕಂಬದ ಕಡೆ ನೋಡಿದೆ. ಅವರು ನೆಲದ ಮೇಲಿನ ಕೆಂಪು ಬಟ್ಟಲನ್ನು ನೋಡುತ್ತಿದ್ದರು. ಕಿವಿ ಕೆಂಪಾಗಿತ್ತು. ಒಂದು ಮಾತು ಸಾಕಿತ್ತು. 'ನಾನು ಹೇಳಿದ್ದು ದೊಡ್ಡಪ್ಪ' ಎಂದರೆ ಆ ಹಜಾರದಲ್ಲಿ ಬಹುಶಃ ಎಲ್ಲರೂ ನಕ್ಕುಬಿಡುತ್ತಿದ್ದರು, ಮೇಷ್ಟರ ಪಾಂಡಿತ್ಯ ಎಂದು ಛೇಡಿಸಿ ಎದ್ದುಹೋಗುತ್ತಿದ್ದರು. ನಾನು ಕಾದೆ. ಅವರು ಬಟ್ಟಲಿನಿಂದ ಕಣ್ಣೆತ್ತಲಿಲ್ಲ. ನನ್ನ ನಾಲಗೆಯ ತುದಿಗೆ ಅವರ ಹೆಸರು ಬಂದಿತ್ತು. ಅಲ್ಲಿಯೇ ತಡೆದೆ. ಅವರಾಗಿ ಹೇಳದ್ದನ್ನು ನಾನು ಹೇಳಿ, ಆ ಮಾತಿನ ಮೇಲೆ ಮದುವೆಯಾಗಿ, ಆ ಮನೆಯಲ್ಲಿ ಬಾಳುವುದು ನನ್ನಿಂದಾಗುತ್ತಿರಲಿಲ್ಲ.

"ಯಾರೂ ಇಲ್ಲ. ನಾನೇ" ಎಂದೆ.

"ಹಂಗಾದ್ರೆ ಇಷ್ಟು ಗೊತ್ತಿಲ್ದೋಳು ನಮ್ಮನೆ ಅಡಿಗೆಗೆ ಏನು ಬೆರೆಸ್ತಾಳೋ" ಎಂದು ದೊಡ್ಡಪ್ಪ ಎದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವರಿಗೆ ಮೊದಲಿಂದ ಬೇಡವಾದದ್ದು ನನ್ನ ಕೈ, ನೆಪ ಮಾತ್ರ ಅರಿಶಿನದ್ದು. ಅಪ್ಪ ಕೈಮುಗಿದರು. ನಾನು ಬಟ್ಟಲು ಎತ್ತಿಕೊಂಡೆ.

ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದಾಗ ಮೇಷ್ಟರು ಸೈಕಲ್ಲಿನಲ್ಲಿ ಬಂದರು. ಏದುಸಿರು ಬಿಡುತ್ತಿದ್ದರು. ಅಪ್ಪ ಎದ್ದು ಪ್ಲಾಟ್‌ಫಾರಂನ ಆ ತುದಿಗೆ ಹೋದರು. ಈಗಲಾದರೂ ಹೇಳುತ್ತಾರೆ, ವಾಪಸು ಬನ್ನಿ, ನಾನು ಹೇಳ್ತೀನಿ ಎನ್ನುತ್ತಾರೆ ಎಂದು ನಾನೂ ಎದ್ದು ನಿಂತೆ.

"ನೀವು ನನ್ನ ಹೆಸರು ಹೇಳ್ಲಿಲ್ಲ" ಎಂದರು. "ದೊಡ್ಡ ಉಪಕಾರ ಆಯ್ತು."

ನನಗೆ ಸಿಟ್ಟು ಬರಬೇಕಿತ್ತು. ಸಿಟ್ಟು ನನಗೆ ಅಡಿಗೆಮನೆಯ ಬೆಕ್ಕಿನಷ್ಟು ರೂಢಿ, ಕರೆಯದೆಯೂ ಬರುತ್ತದೆ. ಅಂದು ಬರಲಿಲ್ಲ.

"ನಿಮ್ಗೆ ಇದು ಗೊತ್ತಿತ್ತಲ್ವಾ?" ಎಂದೆ. "ಅರಿಶಿನಕ್ಕೆ ಸೋಡಾ ಬಿದ್ರೆ ಏನಾಗುತ್ತೆ ಅಂತ?"

"ಸ್ಕೂಲಲ್ಲಿ ಮಾಡಿ ತೋರಿಸ್ತೀನಿ, ಮಕ್ಕಳಿಗೆ. ಆವತ್ತು ನಿಮ್ಗೆ ಹೇಳೋವಾಗ ಹೊಳೀಲಿಲ್ಲ."

"ಅದು ಬಿಡಿ. ನಂಗೂ ಹೊಳೀಲಿಲ್ಲ. ಇವತ್ತು?"

ಅವರು ಸೈಕಲ್ಲಿನ ಬೆಲ್ಲನ್ನು ಬೆರಳಿನಿಂದ ಸುಮ್ಮನೆ ಉಜ್ಜುತ್ತ ನಿಂತರು. "ದೊಡ್ಡಪ್ಪ ನನ್ನ ಸಾಕಿದೋರು. ಅಷ್ಟು ಜನದ ಮುಂದೆ ಹೇಗೆ ಹೇಳೋದು? ನೀವೇ ಯೋಚ್ನೆ ಮಾಡಿ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಕೆಟ್ಟವರಲ್ಲ ಅವರು. ಕೆಟ್ಟವರಾಗಿದ್ದರೆ ನನಗೆ ಅಷ್ಟು ದುಃಖವಾಗುತ್ತಿರಲಿಲ್ಲ. ರೈಲು ಬಂತು, ಹತ್ತಿ ಕೂತೆ. ದಂಡು ಸ್ಟೇಷನ್ ಬರುವ ತನಕ ಅಪ್ಪ ನನ್ನ ಕೈಯನ್ನು ಬಿಡಲಿಲ್ಲ.

ಮನೆಗೆ ಬಂದ ಮೇಲೆ ಅಳುವುದಕ್ಕೂ ಪುರುಸೊತ್ತು ಸಿಗಲಿಲ್ಲ. ಊದುಬತ್ತಿಯವರು ಲೇಬಲ್ಲಿಗೆ ಬಂದು ಕೂತಿದ್ದರು, ಮನೆಯಲ್ಲಿ ಬೇರೆ ಕಾಗದ ಒಂದು ಹಾಳೆಯೂ ಇರಲಿಲ್ಲ. ಎಲ್ಲವೂ ಪತ್ರಿಕೆಗೆ ಹೋಗಿತ್ತು. ಪತ್ರಿಕೆಗಳ ಬೆನ್ನು ಹಾಗೇ ಖಾಲಿ ಇತ್ತು. ನಡುವೆ ಒಂದು ಗೆರೆ ಕತ್ತರಿಸಿದರೆ ಒಂದೊಂದರಲ್ಲೂ ಎರಡು ಲೇಬಲ್ಲು ಸಿಗುತ್ತದೆ. ಅಪ್ಪ ಮಾರನೆಯ ಬೆಳಿಗ್ಗೆ ನನಗೆ ಹೇಳದೆ ಶೆಡ್ಡಿನಲ್ಲಿ ಕಂತೆ ಬಿಚ್ಚಿಕೊಂಡು ಕೂತಿದ್ದರು. ನಾನು ಹೋದಾಗ ಅವರು ಒಂದು ಪತ್ರಿಕೆಯನ್ನು ಮೇಜಿನ ಮೇಲಿಟ್ಟು, ಕಬ್ಬಿಣದ ಪಟ್ಟಿಯನ್ನು ಉದ್ದಕ್ಕೆ ಇಟ್ಟು ನೋಡುತ್ತಿದ್ದರು, ತೆಗೆದು ಅಡ್ಡಕ್ಕೆ ಇಟ್ಟು ನೋಡುತ್ತಿದ್ದರು, ಮತ್ತೆ ಉದ್ದಕ್ಕೆ ತಿರುಗಿಸುತ್ತಿದ್ದರು.

ಬಗ್ಗಿ ನೋಡಿದೆ. ಪತ್ರಿಕೆಯ ನಡುವೆ ಎಡಕ್ಕೆ ಮೇಷ್ಟರ ಹೆಸರು, ಬಲಕ್ಕೆ ನನ್ನ ಹೆಸರು. ಲೇಬಲ್ಲಿನ ಅಳತೆಗೆ ಸರಿಯಾಗಿ ಕತ್ತರಿಸಿದರೆ ಚಾಕು ಎರಡು ಹೆಸರಿನ ನಡುವೆ ಹೋಗುತ್ತಿತ್ತು. ಅಪ್ಪ ಅದನ್ನು ತಪ್ಪಿಸಲು ಪತ್ರಿಕೆಯನ್ನು ಇನ್ನೊಂದು ಕಡೆಯಿಂದ ಕತ್ತರಿಸಬಹುದೇ ಎಂದು ನೋಡುತ್ತಿದ್ದರು.

"ಹಂಗೆ ಕತ್ತರಿಸಿದ್ರೆ ಅರ್ಧ ಕಾಗದ ದಂಡ ಆಗುತ್ತಪ್ಪ" ಎಂದೆ.

"ಆಗ್ಲಿ ಬಿಡಮ್ಮ. ನೀನು ಒಳಗೋಗು."

ನಾನು ಪತ್ರಿಕೆಯನ್ನು ನೇರಕ್ಕೆ ತಿರುಗಿಸಿ, ಪಟ್ಟಿಯನ್ನು ಎರಡು ಹೆಸರಿನ ನಡುವೆ ಒತ್ತಿ ಹಿಡಿದೆ. ಅಪ್ಪನ ಕೈ ಏಳಲಿಲ್ಲ. ಚಾಕು ಇಸಿದುಕೊಂಡು ನಾನೇ ಕತ್ತರಿಸಿದೆ. ಕಂತೆ ದೊಡ್ಡದಿತ್ತು. ಕಣ್ಣು ಮಂಜಾದಾಗ ನಿಲ್ಲಿಸಿ, ಒರೆಸಿಕೊಂಡು, ಮತ್ತೆ ಕತ್ತರಿಸಿದೆ.